ಸೇತುವೆಯಿಂದ ಬಿದ್ದ ಹೋರಿ

ಇಂಗ್ಲೆಂಡಿನ ಸ್ಟ್ಯಾಮ್‌ಫರ್ಡ್ ಅನ್ನೋ ಊರಿನ ಗ್ರಂಥಾಲಯ ದೂರದಿಂದ ನೋಡಿದರೆ ಯಾವುದೋ ಗ್ರೀಕ್ ದೇವಸ್ಥಾನದ ಹಾಗೆ ಕಾಣುತ್ತದೆ. ಮುಂದೆ ದಪ್ಪ ದಪ್ಪ ಕಲ್ಲಿನ ಕಂಬಗಳು, ಮೇಲೆ ತ್ರಿಕೋನಾಕಾರದ ಮುಂಚಾವಣಿ. ಆಫೀಸಿನ ಕೆಲಸಕ್ಕೆ ಅಂತ ಪಕ್ಕದ ಪೀಟರ್‌ಬರೋದಲ್ಲಿ ಕೆಲವು ತಿಂಗಳು ಇದ್ದಾಗ ಶನಿವಾರ ರೈಲು ಹತ್ತಿ ಈ ಊರಿಗೆ ಹೋಗುತ್ತಿದ್ದೆ. ಒಂದು ಸಲ ಮಳೆ ಜೋರಾಗಿ ಬಂತು ಅಂತ ಈ ಕಂಬಗಳ ಅಡಿಗೆ ಓಡಿದೆ, ಅಲ್ಲಿಂದ ಒಳಗೆ ಹೋದೆ. ಸ್ಥಳೀಯ ಇತಿಹಾಸದ ಕಪಾಟಿನ ಮುಂದೆ ಎರಡು ಗಂಟೆ ಹೇಗೆ ಕಳೆಯಿತೋ ಗೊತ್ತಾಗಲಿಲ್ಲ.

ಮೊದಲು ಗೊತ್ತಾದ ಸಂಗತಿ: ನಾನು ಕೂತಿದ್ದ ಆ ಕಟ್ಟಡ ಹುಟ್ಟಿದ್ದು ಪುಸ್ತಕಕ್ಕಾಗಿ ಅಲ್ಲ, ಮಾಂಸಕ್ಕಾಗಿ. 19ನೇ ಶತಮಾನದ ಆರಂಭದಲ್ಲಿ ಅದನ್ನು ಕಟ್ಟಿದ್ದು ಕಟುಕರ ಮಾರುಕಟ್ಟೆಯಾಗಿ. ಗ್ರಂಥಾಲಯ ಆಗಿದ್ದು 1906ರಲ್ಲಿ. ಎರಡನೆಯದು: ಈ ಊರಿನ ಕಟುಕರ ಜೊತೆ ಹೆಣೆದುಕೊಂಡ ಒಂದು ಹಬ್ಬ ಇಲ್ಲಿ ಶತಮಾನಗಳ ಕಾಲ ನಡೆದಿತ್ತು. ಪ್ರತಿ ವರ್ಷ ನವೆಂಬರ್ 13ಕ್ಕೆ ಊರ ಬೀದಿಯಲ್ಲಿ ಒಂದು ಹೋರಿಯನ್ನು ಬಿಡೋದು, ಊರಿಗೆ ಊರೇ ಅದರ ಹಿಂದೆ ಮುಂದೆ ಓಡೋದು.

ನಾನು ಹಾವೇರಿ ಕಡೆಯವನು. ದೀಪಾವಳಿ ಮುಗೀತಿದ್ದ ಹಾಗೆ ಹೋರಿ ಹಬ್ಬ ಶುರುವಾಗೋ ಸೀಮೆ ನಮ್ಮದು. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಣ್ಣ, ಬಲೂನು, ಜೂಲು ಕಟ್ಟಿದ ಹೋರಿ ಜನರ ನಡುವೆ ನುಗ್ಗೋದು, ಹುಡುಗರು ಅದರ ಮೈಮೇಲೆ ಬಿದ್ದು ಕೊಬ್ಬರಿ ಹರಿಯೋದು, ಇದನ್ನೆಲ್ಲ ಮನೆ ಮಾಳಿಗೆ ಮೇಲೆ ನಿಂತು ನೋಡುತ್ತಾ ಬೆಳೆದವನು. ಹಾಗಾಗಿ ಆ ಪುಸ್ತಕವನ್ನು ನಾನು ಪ್ರವಾಸಿಯ ಹಾಗೆ ಓದಲಿಲ್ಲ.

ಸ್ಟ್ಯಾಮ್‌ಫರ್ಡ್ ಬಗ್ಗೆ ಎರಡು ಮಾತು. ಲಂಡನ್‌ನಿಂದ ಉತ್ತರಕ್ಕೆ ಸುಮಾರು 145 ಕಿಲೋಮೀಟರ್, ಲಿಂಕನ್‌ಷೈರ್ ಕೌಂಟಿಯ ದಕ್ಷಿಣದ ತುದಿಯಲ್ಲಿ, ವೆಲಂಡ್ ನದಿಯ ದಂಡೆ ಮೇಲಿದೆ. ಇಂಗ್ಲೆಂಡಿನಲ್ಲಿ ಇಂಥ ಊರುಗಳನ್ನು ಮಾರ್ಕೆಟ್ ಟೌನ್ ಅಂತಾರೆ, ನಮ್ಮ ಮಾತಲ್ಲಿ ಸಂತೆ ಊರು. ಸುತ್ತಲ ಹಳ್ಳಿಗಳವರು ದನ, ಕುರಿ, ಕಾಳು, ಉಣ್ಣೆ ತಂದು ಮಾರೋ ಜಾಗ. ಅಂದರೆ ಒಂದು ರಾಣೆಬೆನ್ನೂರೋ ಅಕ್ಕಿಆಲೂರೋ ಅಂದುಕೊಳ್ಳಿ. ಶುಕ್ರವಾರದ ಸಂತೆ ಇವತ್ತಿಗೂ ನಡೆಯುತ್ತದೆ. ಲಂಡನ್‌ನಿಂದ ಸ್ಕಾಟ್ಲೆಂಡ್‌ಗೆ ಹೋಗೋ ಹಳೇ ಹೆದ್ದಾರಿ, ಗ್ರೇಟ್ ನಾರ್ತ್ ರೋಡ್, ಊರ ನಡುವೆಯೇ ಹಾದು ಹೋಗುತ್ತಿದ್ದರಿಂದ ಕುದುರೆ ಗಾಡಿಗಳ ಕಾಲದಲ್ಲಿ ಊರಿಗೆ ಒಳ್ಳೇ ದುಡ್ಡು ಬಂತು. ಆಮೇಲೆ ರೈಲಿನ ಮುಖ್ಯ ಮಾರ್ಗ ಪೀಟರ್‌ಬರೋ ಮೇಲೆ ಹೋಯಿತು. ಊರು ಬೆಳೆಯಲಿಲ್ಲ, ಬೆಳೆಯದೇ ಇದ್ದದ್ದಕ್ಕೆ ಹಳೇ ಕಲ್ಲಿನ ಮನೆಗಳು ಉಳಿದವು. 1967ರಲ್ಲಿ ಇಂಗ್ಲೆಂಡಿನ ಮೊಟ್ಟಮೊದಲ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾದದ್ದು ಇದೇ ಊರು. ಟೀವಿಯವರಿಗೆ ಹಳೇ ಕಾಲದ ಕಥೆ ಚಿತ್ರೀಕರಿಸಬೇಕಾದರೆ ಇಲ್ಲಿಗೆ ಬರುತ್ತಾರೆ. 1994ರ 'ಮಿಡಲ್‌ಮಾರ್ಚ್' ಧಾರಾವಾಹಿಯ ಬೀದಿಗಳು ಇಲ್ಲಿಯವೇ.

ಇಷ್ಟು ಚಂದದ, ಇಷ್ಟು ಸದ್ದಿಲ್ಲದ ಊರು. ಇಲ್ಲಿ ಹೋರಿ ಓಡುತ್ತಿತ್ತು ಅಂದರೆ ನಂಬೋಕೆ ಸ್ವಲ್ಪ ಹೊತ್ತು ಬೇಕು.

ಹಬ್ಬದ ಹುಟ್ಟಿನ ಬಗ್ಗೆ ಊರಿನವರು ಹೇಳಿಕೊಂಡು ಬಂದ ಕಥೆ ಹೀಗಿದೆ. 13ನೇ ಶತಮಾನದ ಆರಂಭ, ಜಾನ್ ರಾಜನ ಕಾಲ. ಕೋಟೆಯ ಕೆಳಗಿನ ಹುಲ್ಲುಗಾವಲಿನಲ್ಲಿ ಒಂದು ಆಕಳಿಗಾಗಿ ಎರಡು ಹೋರಿ ಕಾದಾಡುತ್ತಿದ್ದವಂತೆ. ಕಟುಕರ ನಾಯಿಗಳು ಒಂದನ್ನು ಊರೊಳಕ್ಕೆ ಅಟ್ಟಿಸಿಕೊಂಡು ಬಂದವು, ಅದು ಹುಚ್ಚೆದ್ದು ಬೀದಿ ಬೀದಿ ಓಡಿತು. ಕೋಟೆಯ ಒಡೆಯ ವಿಲಿಯಂ ವಾರೆನ್ ಕುದುರೆ ಏರಿ ಹಿಂದೆಯೇ ಹೋಗಿ ನೋಡಿದ, ಭಾರೀ ಖುಷಿಯಾಯಿತು. ಪ್ರತಿ ವರ್ಷ ಇದೇ ದಿನ ಒಂದು ಹೋರಿ ಕೊಡಬೇಕು ಅನ್ನೋ ಷರತ್ತಿನ ಮೇಲೆ ಆ ಹುಲ್ಲುಗಾವಲನ್ನು ಕಟುಕರಿಗೇ ಬಿಟ್ಟುಕೊಟ್ಟ. ನಮ್ಮೂರುಗಳ ಸ್ಥಳಪುರಾಣ ಇದ್ದ ಹಾಗೆಯೇ, ನಿಜ ಎಷ್ಟು ಅಂತ ಕೇಳಬಾರದು. ಆದರೆ ಹುಲ್ಲುಗಾವಲು ನಿಜ. ನದಿಯ ಪಕ್ಕ ಇವತ್ತಿಗೂ ಹಾಗೇ ಇದೆ, ಬೇಸಿಗೆಯಲ್ಲಿ ಮಕ್ಕಳು ಆಡುತ್ತಿರುತ್ತಾರೆ.

ಈ ಕಥೆಯನ್ನು ಅಚ್ಚು ಹಾಕಿಸಿದವನು ರಿಚರ್ಡ್ ಬುಚರ್. ಊರಾಡಳಿತದ ಗುಮಾಸ್ತನಾಗಿದ್ದ, 1646ರಲ್ಲಿ ಊರಿನ ಚರಿತ್ರೆ ಬರೆದ. ಹೋರಿ ಓಟ ಅವನಿಗೆ ಒಂಚೂರೂ ಇಷ್ಟ ಇರಲಿಲ್ಲ. ಪುಂಡಾಟದಲ್ಲಿ ಸಂತೋಷ ಪಡೋರಿಗೆ ಮಾತ್ರ ಇದು ಆಟ ಅಂತ ಬರೆದಿಟ್ಟ. ಅಂದರೆ ಪರ ವಿರೋಧದ ಜಗಳ ಶುರುವಾಗಿದ್ದು ಯಾವುದೋ ಕಾಯ್ದೆಯಿಂದಲ್ಲ, ಊರೊಳಗೇ ಅದು ಮೊದಲಿಂದ ಇತ್ತು.

ಆ ದಿನ ನಡೆಯುತ್ತಿದ್ದದ್ದು ಸುಮಾರಾಗಿ ಇಷ್ಟು. ಬೆಳಿಗ್ಗೆಯೇ ಅಂಗಡಿ ಬಾಗಿಲು ಬಂದ್. ಅಡ್ಡರಸ್ತೆಗಳ ಬಾಯಿಗೆಲ್ಲ ಗಾಡಿ, ಬಂಡಿ ನಿಲ್ಲಿಸಿ ಮುಚ್ಚೋರು. ಹನ್ನೊಂದು ಗಂಟೆಗೆ ಸ್ವಲ್ಪ ಮುಂಚೆ ಸೇಂಟ್ ಮೇರಿ ಚರ್ಚಿನ ಗಂಟೆ ಬಾರಿಸುತ್ತಿತ್ತು. ಮಕ್ಕಳು ಮುದುಕರು ಒಳಗೆ ಹೋಗಿ ಅನ್ನೋ ಎಚ್ಚರಿಕೆ ಅದು. ಆಮೇಲೆ ಹೋರಿಯನ್ನು ಬಿಡೋದು. ಓಡೋ ಗಂಡಸರಿಗೆ ಬುಲ್ಲಾರ್ಡ್ ಅಂತಲೇ ಹೆಸರು. ಹೋರಿ ಸುಮ್ಮನೆ ನಿಂತರೆ ಕೂಗಿ, ಟೋಪಿ ಎಸೆದು, ಖಾಲಿ ಪೀಪಾಯಿ ಉರುಳಿಸಿ ಕೆಣಕೋದು. ಕೊನೆಗೆ ಅದನ್ನು ವೆಲಂಡ್ ನದಿಯ ಸೇತುವೆ ಮೇಲೆ ಮುತ್ತಿಕೊಂಡು, ಹತ್ತಾರು ಜನ ಸೇರಿ ಎತ್ತಿ, ತಡೆಗೋಡೆ ಮೇಲಿಂದ ನೀರಿಗೆ ತಳ್ಳೋದು. ಹಬ್ಬದ ತುತ್ತತುದಿ ಇದೇ. ಹೋರಿ ಈಜಿ ಹುಲ್ಲುಗಾವಲಿಗೆ ಬರುತ್ತಿತ್ತು, ಅಲ್ಲೂ ಬೆನ್ನಟ್ಟುತ್ತಿದ್ದರು. ಸಂಜೆ ಅದನ್ನು ಕಡಿದು ಮಾಂಸ ಹಂಚೋರು, ಇಲ್ಲ ಅಗ್ಗಕ್ಕೆ ಮಾರೋರು. ವರ್ಷದಲ್ಲಿ ದನದ ಮಾಂಸದ ಮುಖ ನೋಡೋದೇ ಕಷ್ಟ ಆಗಿದ್ದ ಮನೆಗಳಿಗೆ ಅವತ್ತು ಹಬ್ಬದೂಟ.

ಇದನ್ನು ಓದಿದ ರಾತ್ರಿ ಊರಿಗೆ ಫೋನ್ ಮಾಡಿ ದೊಡ್ಡಪ್ಪನಿಗೆ ಹೇಳಿದೆ. ದೊಡ್ಡಪ್ಪ ಒಂದು ಕಾಲಕ್ಕೆ ಹೆಸರುವಾಸಿ ಹೋರಿ ಕಟ್ಟಿದವನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನೋ ತಮ್ಮಾ, ಆ ಬಿಳಿಯರ ಊರಾಗೂ ಹೋರಿ ಬಿಡ್ತಿದ್ರೇನು? ಮತ್ತ ನಮಗ್ಯಾಕ ಬುದ್ಧಿ ಹೇಳ್ತಾರ?" ಅಂದ. ಸೇತುವೆಯಿಂದ ತಳ್ಳೋ ಸಂಗತಿ ಹೇಳಿದಾಗ ಮಾತ್ರ ದನಿ ಬದಲಾಯಿತು. "ಸಾಕಿದ ಹೋರೀನ ಹೊಳಿಗೆ ಹಾಕ್ತಾರೇನ? ಅವರೇನ್ ಮನಷ್ಯಾರೋ?"

ದೊಡ್ಡಪ್ಪನ ಈ ಎರಡು ಪ್ರಶ್ನೆಗಳೂ ನನ್ನ ತಲೆಯಲ್ಲಿ ಉಳಿದುಬಿಟ್ಟವು. ಮೊದಲನೆಯದಕ್ಕೆ ಉತ್ತರ ಬೇಕಾದರೆ ಆ ಹಬ್ಬ ಹೇಗೆ ನಿಂತಿತು ಅಂತ ನೋಡಬೇಕು.

ಅದು ಸುಲಭಕ್ಕೆ ನಿಲ್ಲಲಿಲ್ಲ. ಮೊದಲ ದೊಡ್ಡ ಪ್ರಯತ್ನ 1788ರಲ್ಲಿ. ಊರಿನ ಮೇಯರ್ ಮತ್ತು ಪಕ್ಕದ ಬರ್ಲಿ ಅರಮನೆಯ ಅರ್ಲ್ ಆಫ್ ಎಕ್ಸೆಟರ್ ಸೇರಿ ಈ ವರ್ಷ ಓಟ ಇಲ್ಲ ಅಂದರು. ಆ ಅರಮನೆಯ ಹಿಡಿತ ಊರ ಮೇಲೆ ಎಷ್ಟಿತ್ತು ಅಂದರೆ, ಪಾರ್ಲಿಮೆಂಟಿಗೆ ಯಾರು ಹೋಗಬೇಕು ಅನ್ನೋದೂ ಬಹುಪಾಲು ಅಲ್ಲೇ ತೀರ್ಮಾನ ಆಗುತ್ತಿತ್ತು. ಜನ ಕೇಳಲಿಲ್ಲ. ಆ ಸಲವೂ ಮರುವರ್ಷವೂ ಕುದುರೆ ಸೈನಿಕರನ್ನು ಕರೆಸಿದರು. 1789ರಲ್ಲಿ ಬಂದಿದ್ದ ಸೇನಾಧಿಕಾರಿಗೆ ಜನರನ್ನು ಚದುರಿಸಲು ಹೇಳಿದಾಗ, ಇವರು ಹೆದ್ದಾರಿಯಲ್ಲಿ ನಡೆಯುತ್ತಿದ್ದಾರೆ ಅಷ್ಟೆ, ಇದರಲ್ಲಿ ಕಾನೂನು ಮುರಿದದ್ದು ಏನಿದೆ ಅಂತ ಕೇಳಿ ತನ್ನವರನ್ನು ವಾಪಸ್ ಕಳಿಸಿದನಂತೆ. ಸೈನಿಕರೂ ನೋಡೋ ಜನರ ಜೊತೆ ಸೇರಿಕೊಂಡರು ಅಂತ ಊರಲ್ಲಿ ಹೇಳಿಕೊಂಡು ನಗುತ್ತಿದ್ದರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಅರಮನೆಯವನು ಬೇಡ ಅಂದ ಕೂಡಲೇ ಹೋರಿ ಓಟ ಬರೀ ಆಟವಾಗಿ ಉಳಿಯಲಿಲ್ಲ. ಅದು ನಮ್ಮ ಹಕ್ಕು, ದೊಡ್ಡವರು ಕಿತ್ತುಕೊಳ್ಳೋಕೆ ಬಂದಿದ್ದಾರೆ ಅನ್ನೋ ಭಾವನೆ ಬಂತು. ಇಂಗ್ಲೆಂಡಿನ ಜನಪದ ಆಟಗಳ ಬಗ್ಗೆ 1973ರಲ್ಲಿ ಪುಸ್ತಕ ಬರೆದ ಇತಿಹಾಸಕಾರ ರಾಬರ್ಟ್ ಮ್ಯಾಲ್ಕಮ್‌ಸನ್ ಸ್ಟ್ಯಾಮ್‌ಫರ್ಡಿನ ಪ್ರಕರಣಕ್ಕೆ ಹಲವು ಪುಟ ಮೀಸಲಿಟ್ಟಿದ್ದಾನೆ. ಬೇರೆ ಕಡೆ ಇಂಥ ಆಟಗಳು ಸುಮ್ಮನೆ ಸತ್ತವು. ಸ್ಟ್ಯಾಫರ್ಡ್‌ಷೈರಿನ ಟಟ್‌ಬರಿಯಲ್ಲೂ ಹೋರಿ ಓಟ ಇತ್ತು, 18ನೇ ಶತಮಾನದ ಕೊನೆಯ ಭಾಗದಲ್ಲೇ ನಿಂತುಹೋಯಿತು. ಸ್ಟ್ಯಾಮ್‌ಫರ್ಡಿನಲ್ಲಿ ಮಾತ್ರ ಜನ ಐವತ್ತು ವರ್ಷ ಸೆಣಸಿದರು.

ಅಷ್ಟರಲ್ಲಿ ವಿಷಯ ಲಂಡನ್ ತಲುಪಿತ್ತು. 1800 ಮತ್ತು 1802ರಲ್ಲಿ ಗೂಳಿಯನ್ನು ಕಟ್ಟಿಹಾಕಿ ನಾಯಿ ಬಿಡೋ ಆಟವನ್ನು ನಿಷೇಧಿಸೋ ಮಸೂದೆ ಪಾರ್ಲಿಮೆಂಟಿಗೆ ಬಂತು, ಎರಡೂ ಸಲ ಬಿತ್ತು. ವಿರೋಧಿಸಿದವರಲ್ಲಿ ಮುಂಚೂಣಿಯಲ್ಲಿದ್ದವನು ವಿಲಿಯಂ ವಿಂಡಮ್. ಅವನ ವಾದ ಇಷ್ಟು: ನಾವು ದೊಡ್ಡ ಮನುಷ್ಯರು ನರಿ ಬೇಟೆ ಆಡುತ್ತೇವೆ, ಹಕ್ಕಿ ಹೊಡೆಯುತ್ತೇವೆ. ಅದನ್ನು ಮುಟ್ಟದೆ ಬಡವನ ವರ್ಷಕ್ಕೊಂದು ದಿನದ ಆಟಕ್ಕೆ ಕೈ ಹಾಕೋದು ಯಾವ ನ್ಯಾಯ? ವಿಂಡಮ್ ಬಡವರ ಬಂಧುವೇನೂ ಅಲ್ಲ, ಪಕ್ಕಾ ಸಂಪ್ರದಾಯವಾದಿ. ಆದರೆ ಮಾತು ಸುಳ್ಳಲ್ಲ. ಇನ್ನೊಂದು ತುದಿಯಲ್ಲಿದ್ದ ಪಾದ್ರಿ, ಬರಹಗಾರ ಸಿಡ್ನಿ ಸ್ಮಿತ್ ಕೂಡ 1809ರಲ್ಲಿ ಇದನ್ನೇ ಬೇರೆ ಥರ ಹೇಳಿದ. ಆಗ ಕೆಟ್ಟ ಚಟಗಳನ್ನು ಅಡಗಿಸೋಕೆ ಅಂತ ಒಂದು ಸಂಘ ಇತ್ತು. ಅದರ ಹೆಸರನ್ನು, ವರ್ಷಕ್ಕೆ 500 ಪೌಂಡ್‌ಗಿಂತ ಕಡಿಮೆ ಆದಾಯ ಇರೋರ ಕೆಟ್ಟ ಚಟ ಅಡಗಿಸೋ ಸಂಘ ಅಂತ ಬದಲಾಯಿಸಿದರೆ ಸರಿಹೋಗುತ್ತದೆ ಅನ್ನೋ ಅರ್ಥದ ಕುಟುಕು ಅವನದು.

ಆದರೂ ಗಾಳಿ ಬದಲಾಗುತ್ತಿತ್ತು. 1822ರಲ್ಲಿ ದನ, ಕುದುರೆಗಳಿಗೆ ಹಿಂಸೆ ಕೊಡೋದನ್ನು ಅಪರಾಧ ಮಾಡಿದ ಮಾರ್ಟಿನ್ ಕಾಯ್ದೆ ಬಂತು. 1824ರಲ್ಲಿ ಲಂಡನ್ನಿನ ಒಂದು ಕಾಫಿ ಹೌಸಿನಲ್ಲಿ ಕೆಲವರು ಸೇರಿ ಪ್ರಾಣಿ ಹಿಂಸೆ ತಡೆ ಸಂಘ ಕಟ್ಟಿದರು. ಗುಲಾಮಗಿರಿ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್ ಕೂಡ ಅದರಲ್ಲಿದ್ದ. 1835ರಲ್ಲಿ ಜೋಸೆಫ್ ಪೀಸ್ ಅನ್ನೋ ಕ್ವೇಕರ್ ಸಂಸದನ ಪ್ರಯತ್ನದಿಂದ ಗೂಳಿ, ಕರಡಿ, ಕೋಳಿ ಕಾಳಗಗಳಿಗೆ ಜಾಗ ಇಟ್ಟುಕೊಳ್ಳೋದನ್ನು ನಿಷೇಧಿಸೋ ಕಾಯ್ದೆ ಪಾಸಾಯಿತು.

ಸ್ಟ್ಯಾಮ್‌ಫರ್ಡಿನ ಜನ ಇದಕ್ಕೂ ಜಗ್ಗಲಿಲ್ಲ. ಕಾಯ್ದೆ ಹೇಳೋದು ಅದಕ್ಕೆಂದೇ ಇಟ್ಟುಕೊಂಡ ಅಂಗಳ, ಅಖಾಡಗಳ ಬಗ್ಗೆ. ಬೀದಿ ಯಾರ ಅಖಾಡ? ಅದೂ ಅಲ್ಲದೆ ಇದು ಕಾಳಗ ಅಲ್ಲ, ಓಟ, ಅಜ್ಜ ಮುತ್ತಜ್ಜರ ಕಾಲದ ವಾಡಿಕೆ. ಈ ವಾದ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮಲ್ಲಿ ಜಲ್ಲಿಕಟ್ಟು, ಕಂಬಳದ ವಿಷಯದಲ್ಲಿ ಇವತ್ತಿನ ವಕೀಲರು ಹೂಡಿದ ವಾದವೂ ಹೆಚ್ಚುಕಮ್ಮಿ ಇದೇ.

ಲಂಡನ್ನಿನ ಸಂಘ ಬಿಡಲಿಲ್ಲ. ತನ್ನ ಜನರನ್ನು ಕಳಿಸಿ ನೋಡಿಸಿ, 1836ರ ಓಟದ ನಂತರ ಕೆಲವು ಬುಲ್ಲಾರ್ಡ್‌ಗಳ ಮೇಲೆ ದೊಂಬಿ ಕೇಸು ಹಾಕಿಸಿತು. ಲಿಂಕನ್‌ನಲ್ಲಿ ವಿಚಾರಣೆ ನಡೆದು ಕೆಲವರು ತಪ್ಪಿತಸ್ಥರು ಅಂತಾಯಿತು. ನೂರಾರು ವರ್ಷದ ವಾಡಿಕೆ ಅನ್ನೋ ಸಮರ್ಥನೆ ಕೋರ್ಟಿನಲ್ಲಿ ನಿಲ್ಲಲಿಲ್ಲ. 1837ರಲ್ಲಿ ಊರಿನ ಇನ್ನೂರಕ್ಕೂ ಹೆಚ್ಚು ಜನರನ್ನು ವಿಶೇಷ ಕಾನ್‌ಸ್ಟೆಬಲ್‌ಗಳಾಗಿ ಪ್ರಮಾಣವಚನ ಮಾಡಿಸಿ ನಿಲ್ಲಿಸಿದರು. ಓಟ ನಡೆದೇ ನಡೆಯಿತು. ಕೈಗೆ ಲಾಠಿ ಕೊಟ್ಟ ಮಾತ್ರಕ್ಕೆ ಊರಿನವನು ಊರಿನವನನ್ನೇ ಹೊಡೆಯುತ್ತಾನಾ? ನಮ್ಮೂರ ಜಾತ್ರೆಯಲ್ಲಿ ಸ್ವಯಂಸೇವಕರ ಪಟ್ಟಿ ತೋಳಿಗೆ ಕಟ್ಟಿಕೊಂಡೋರನ್ನು ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ.

1838ರಲ್ಲಿ ಮತ್ತೆ ಕುದುರೆ ಸೈನಿಕರು ಬಂದರು, ಜೊತೆಗೆ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು. 1839ರಲ್ಲಿ ಇನ್ನೂ ದೊಡ್ಡ ಬಂದೋಬಸ್ತು. ಆದರೂ ಎಲ್ಲೋ ಹೇಗೋ ಒಂದು ಹೋರಿ ಬೀದಿಗೆ ಬಂತು. ಓಟ ಹೆಚ್ಚು ಹೊತ್ತು ನಡೆಯಲಿಲ್ಲ, ಸೈನಿಕರು ತಡೆದರು. ಆದರೆ ಸರ್ಕಾರ ಗೆದ್ದದ್ದು ಲಾಠಿಯಿಂದ ಅಲ್ಲ, ಬಿಲ್ಲಿನಿಂದ. ಸೈನಿಕರ, ಪೊಲೀಸರ, ಅವರ ಕುದುರೆಗಳ ಖರ್ಚು ನೂರಾರು ಪೌಂಡ್ ಆಗಿತ್ತು, ಅದು ಊರಿನವರ ತಲೆ ಮೇಲೆ ಬಂತು. ಒಂದು ದಿನದ ಹೋರಿಗೆ ವರ್ಷಗಟ್ಟಲೆ ತೆರಿಗೆ ಕಟ್ಟೋದಾ ಅನ್ನೋ ಮಾತು ಹೋರಿ ಪ್ರಿಯರ ಬಾಯಲ್ಲೇ ಬಂತು.

1840ರಲ್ಲಿ ಊರಿನವರು ಸಹಿ ಹಾಕಿ ಗೃಹ ಸಚಿವರಿಗೆ ಒಂದು ಮನವಿ ಕಳಿಸಿದರು: ಈ ಸಲ ಸೈನ್ಯ ಕಳಿಸಬೇಡಿ, ಹೋರಿ ಓಡದಂತೆ ನಾವೇ ನೋಡಿಕೊಳ್ಳುತ್ತೇವೆ. ಸರ್ಕಾರ ಒಪ್ಪಿತು. ನವೆಂಬರ್ 13 ಬಂತು, ಹೋಯಿತು. ಹೋರಿ ಓಡಲಿಲ್ಲ. ಮತ್ತೆ ಯಾವತ್ತೂ ಓಡಲಿಲ್ಲ. ಲಂಡನ್ನಿನ ಸಂಘಕ್ಕೆ ವಿಕ್ಟೋರಿಯಾ ರಾಣಿಯಿಂದ 'ರಾಯಲ್' ಅನ್ನೋ ಬಿರುದು ಸಿಕ್ಕಿದ್ದೂ ಅದೇ 1840ರಲ್ಲಿ.

ಇಲ್ಲಿಗೆ ಕಥೆ ಮುಗಿಸಿದರೆ ಒಳ್ಳೇದು ಗೆದ್ದಿತು ಅಂತ ಮನೆಗೆ ಹೋಗಬಹುದು. ಆದರೆ ಅದೇ ಊರಿನ ಇನ್ನೊಂದು ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು, ಅದು ಪತ್ರಿಕೆಯದು.

ಸ್ಟ್ಯಾಮ್‌ಫರ್ಡ್ ಚಿಕ್ಕ ಊರಾದರೂ ಸುದ್ದಿಯ ವಿಷಯದಲ್ಲಿ ದೊಡ್ಡದು. ಇಲ್ಲಿನ 'ಸ್ಟ್ಯಾಮ್‌ಫರ್ಡ್ ಮರ್ಕ್ಯುರಿ' ಹುಟ್ಟಿದ್ದು 1710ರ ದಶಕದಲ್ಲಿ. ಬ್ರಿಟನ್ನಿನ ಅತ್ಯಂತ ಹಳೇ ಪತ್ರಿಕೆಗಳಲ್ಲಿ ಒಂದು, ಈಗಲೂ ವಾರಕ್ಕೊಮ್ಮೆ ಬರುತ್ತದೆ. ಇದಕ್ಕೆ ಎದುರಾಳಿಯಾಗಿ 1809ರಲ್ಲಿ ಜಾನ್ ಡ್ರಾಕಾರ್ಡ್ ಅನ್ನೋ ಪುಸ್ತಕ ವ್ಯಾಪಾರಿ 'ಸ್ಟ್ಯಾಮ್‌ಫರ್ಡ್ ನ್ಯೂಸ್' ಶುರು ಮಾಡಿದ. ಅರಮನೆಯ ರಾಜಕೀಯಕ್ಕೆ ವಿರುದ್ಧವಾಗಿದ್ದ ಪತ್ರಿಕೆ ಅದು. 1810ರಲ್ಲಿ ಅದರಲ್ಲಿ ಬ್ರಿಟಿಷ್ ಸೇನೆಯ ಛಡಿ ಏಟಿನ ಶಿಕ್ಷೆಯ ವಿರುದ್ಧ ಒಂದು ಲೇಖನ ಬಂತು. ಚಿಕ್ಕ ತಪ್ಪಿಗೂ ಸಿಪಾಯಿಯನ್ನು ಕಟ್ಟಿಹಾಕಿ ಸಾವಿರ ಏಟು ಹೊಡೆಸೋ ಕಾಲ ಅದು. ಸರ್ಕಾರ ಕೇಸು ಹಾಕಿತು. ಅದೇ ಬರಹವನ್ನು ಮರುಮುದ್ರಿಸಿದ ಲಂಡನ್ನಿನ ಹಂಟ್ ಸಹೋದರರು ಖುಲಾಸೆಯಾದರು. ಸಂತೆ ಊರಿನ ಡ್ರಾಕಾರ್ಡ್‌ಗೆ ಮಾತ್ರ 1811ರಲ್ಲಿ 18 ತಿಂಗಳ ಜೈಲು, 200 ಪೌಂಡ್ ದಂಡ. ಜೈಲಿಂದ ಬಂದವನು 1822ರಲ್ಲಿ ಊರಿನ ದೊಡ್ಡ ಚರಿತ್ರೆಯೊಂದನ್ನು ಪ್ರಕಟಿಸಿದ. ಹೋರಿ ಓಟದ ವಿವರ ಅದರಲ್ಲೂ ಇದೆ.

ಈಗ ಎರಡನ್ನೂ ಜೋಡಿಸಿ. 1838ರಲ್ಲಿ ಹೋರಿಯ ಮೈ ಕಾಯಲು ಸ್ಟ್ಯಾಮ್‌ಫರ್ಡಿಗೆ ಬಂದ ಆ ಕುದುರೆ ಸೈನಿಕರ ಬೆನ್ನಿಗೆ ಛಡಿ ಏಟು ಆಗಿನ್ನೂ ಕಾನೂನುಬದ್ಧ. ಸೇನೆಯಲ್ಲಿ ಅದು ಪೂರ್ತಿ ರದ್ದಾಗಿದ್ದು 1881ರಲ್ಲಿ. ಊರ ಸುತ್ತಲಿನ ಸೀಮೆ ನರಿ ಬೇಟೆಗೆ ಪ್ರಸಿದ್ಧ. ಹೋರಿ ಓಟ ನಿಂತ ಅದೇ ನವೆಂಬರಿನಲ್ಲಿ ಕೆಂಪು ಕೋಟು ತೊಟ್ಟ ದೊಡ್ಡ ಮನುಷ್ಯರು ನಾಯಿ ಹಿಂಡು ಬಿಟ್ಟುಕೊಂಡು ಹೊಲ ಹೊಲ ಹಾರುತ್ತಿದ್ದರು. ಇಂಗ್ಲೆಂಡಿನಲ್ಲಿ ನಾಯಿ ಬಿಟ್ಟು ನರಿ ಬೇಟೆ ಆಡೋದನ್ನು ನಿಷೇಧಿಸಿದ್ದು 2004ರ ಕಾಯ್ದೆ. ಸಂತೆ ಊರಿನ ಬಡವರ ಹೋರಿಗೂ ಸಾಹುಕಾರರ ನರಿಗೂ ನಡುವೆ 165 ವರ್ಷ. ಸಿಡ್ನಿ ಸ್ಮಿತ್ ಹೇಳಿದ 500 ಪೌಂಡಿನ ಗೆರೆ ಎಷ್ಟು ಗಟ್ಟಿಯಾಗಿತ್ತು ನೋಡಿ.

ದೊಡ್ಡಪ್ಪನ ಮೊದಲ ಪ್ರಶ್ನೆಯ ಬೇರು ಇಲ್ಲೇ ಇದೆ, ಮತ್ತು ಅದು ಬರೀ ಹೋಲಿಕೆಯ ಮಾತಲ್ಲ. ಲಂಡನ್ನಿನ ಸಂಘದ ಮಾದರಿಯಲ್ಲೇ 1861ರಲ್ಲಿ ಕೋಲ್ಕತಾದಲ್ಲಿ ಕೋಲ್ಸ್‌ವರ್ದಿ ಗ್ರಾಂಟ್ ಅನ್ನೋ ಇಂಗ್ಲಿಷ್ ಚಿತ್ರಕಾರ ಪ್ರಾಣಿ ಹಿಂಸೆ ತಡೆ ಸಂಘ ಶುರು ಮಾಡಿದ. 1890ರಲ್ಲಿ ಬ್ರಿಟಿಷ್ ಸರ್ಕಾರ ಇಡೀ ದೇಶಕ್ಕೆ ಕಾಯ್ದೆ ತಂತು. ಸ್ವಾತಂತ್ರ್ಯದ ನಂತರ ನೃತ್ಯ ಕಲಾವಿದೆ, ರಾಜ್ಯಸಭಾ ಸದಸ್ಯೆ ರುಕ್ಮಿಣಿ ದೇವಿ ಅರುಂಡೇಲ್ ಆ ಹಳೇ ಕಾಯ್ದೆ ಏನೇನೂ ಸಾಲದು ಅಂತ ಖಾಸಗಿ ಮಸೂದೆ ತಂದರು. ಅದರ ಫಲವಾಗಿ 1960ರ ಕಾಯ್ದೆ ಬಂತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಲ್ಲಿಸಿದ್ದು ಇದೇ 1960ರ ಕಾಯ್ದೆಯ ಮೇಲೆ. ಅಂದರೆ ವೆಲಂಡ್ ಸೇತುವೆಯ ಹತ್ತಿರ ಶುರುವಾದ ಜಗಳದ ಒಂದು ಎಳೆ ಹರಿದು ಹರಿದು ನಮ್ಮ ಕಂಬಳದ ಗದ್ದೆ ತನಕ ಬಂದಿದೆ.

ಆಮೇಲಿನದ್ದು ನಿಮಗೆ ಗೊತ್ತೇ ಇದೆ. 2017ರ ಜನವರಿಯಲ್ಲಿ ಚೆನ್ನೈ ಮರೀನಾದಲ್ಲಿ ಜನ ಸೇರಿದರು, ಇತ್ತ ಕರಾವಳಿಯಲ್ಲಿ ಕಂಬಳಕ್ಕಾಗಿ ಹೋರಾಟ ನಡೆಯಿತು. ಅದೇ ವರ್ಷ ಕರ್ನಾಟಕ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ, ಎತ್ತಿನ ಓಟಗಳಿಗೆ ಷರತ್ತಿನ ಮೇಲೆ ದಾರಿ ಮಾಡಿಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಸ್ಟ್ಯಾಮ್‌ಫರ್ಡಿನ ಬುಲ್ಲಾರ್ಡ್‌ಗಳಲ್ಲಿ ಬಹುತೇಕರಿಗೆ ಓಟು ಇರಲಿಲ್ಲ. 1832ರ ಸುಧಾರಣೆಯ ನಂತರವೂ ಕೂಲಿಯವನು ಮತದಾರ ಅಲ್ಲ. ನಮ್ಮ ಹೋರಿ ಹಬ್ಬದ ಹುಡುಗರಿಗೆ ಓಟು ಇದೆ, ಶಾಸಕರೂ ಇದ್ದಾರೆ. ಒಂದೇ ಥರದ ವಾದ ಅಲ್ಲಿ ಸೋತು ಇಲ್ಲಿ ಗೆದ್ದದ್ದಕ್ಕೆ ಇದು ಸಣ್ಣ ಕಾರಣ ಅಲ್ಲ.

ಹಾಗಾದರೆ ನನ್ನ ನಿಲುವೇನು? ತಮಾಷೆ ಅಂದರೆ ಎರಡೂ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಾನಿದ್ದೇನೆ. ಬೆಂಗಳೂರಿನ ಆಫೀಸಿನ ಗೆಳೆಯರು ಹಬ್ಬದ ವಿಡಿಯೋ ನೋಡಿ ಇದೆಂಥಾ ಅನಾಗರಿಕತೆ ಅಂತಾರೆ, ಅದೇ ಜನ ಭಾನುವಾರ ಕುದುರೆ ರೇಸಿಗೆ ಹೋಗಿ ಬರುತ್ತಾರೆ. ಊರಿನ ಗುಂಪಿನವರು ನಮ್ಮ ಸಂಸ್ಕೃತಿ ಮುಟ್ಟಿದರೆ ಜೋಕೆ ಅಂತಾರೆ, ಗಾಯಗೊಂಡವನ ಹೆಸರು ಎರಡು ದಿನಕ್ಕೆ ಮರೆಯುತ್ತಾರೆ. ಸ್ಟ್ಯಾಮ್‌ಫರ್ಡಿನ ಕಥೆ ಓದಿದ ಮೇಲೆ ಇಬ್ಬರ ಜೊತೆಗೂ ನನ್ನ ಜಗಳ ಸ್ವಲ್ಪ ಸ್ಪಷ್ಟ ಆಯಿತು.

ಆಫೀಸಿನವರಿಗೆ ನಾನು ಹೇಳೋದು ವಿಂಡಮ್‌ನ ಮಾತು. ನಿಯಮ ಮಾಡೋನು ತನ್ನ ಆಟವನ್ನು ಬಿಟ್ಟು ಇನ್ನೊಬ್ಬನ ಆಟಕ್ಕೆ ಕೈ ಹಾಕಿದರೆ, ಜನ ಆ ನಿಯಮವನ್ನು ದಯೆ ಅಂತ ಓದೋದಿಲ್ಲ, ದಬ್ಬಾಳಿಕೆ ಅಂತ ಓದುತ್ತಾರೆ. ಐವತ್ತು ವರ್ಷದ ಹಟ ಹುಟ್ಟಿದ್ದು ಹೋರಿಯ ಮೇಲಿನ ದ್ವೇಷದಿಂದಲ್ಲ, ಅರಮನೆಯ ಮೇಲಿನ ಸಿಟ್ಟಿನಿಂದ.

ಊರಿನವರಿಗೆ ಹೇಳೋದು ದೊಡ್ಡಪ್ಪನದೇ ಎರಡನೇ ಪ್ರಶ್ನೆ. ಕಾಯ್ದೆ ಮಾಡಿದವನು ಕಪಟಿ ಅಂದ ಮಾತ್ರಕ್ಕೆ ಸೇತುವೆಯಿಂದ ಬಿದ್ದ ಹೋರಿಯ ನೋವು ಸುಳ್ಳಾಗೋದಿಲ್ಲ. ವಿಂಡಮ್ ಹೇಳಿದ್ದು ಸರಿ ಇದ್ದೀತು, ಆದರೆ ಅವನ ವಾದದಲ್ಲಿ ಹೋರಿಗೆ ಜಾಗವೇ ಇಲ್ಲ. 'ನಮ್ಮದು ಪರಂಪರೆ' ಅನ್ನೋ ನಮ್ಮ ವಾದದಲ್ಲೂ ಇಲ್ಲ. ನಮ್ಮ ಹಬ್ಬ ಅವರದಕ್ಕಿಂತ ಬೇರೆ, ನಾವು ಹೋರಿಗೆ ಮಕ್ಕಳ ಹಾಗೆ ಬೆಲ್ಲ ಹಿಂಡಿ ತಿನ್ನಿಸುತ್ತೇವೆ, ಅದು ನಿಜ. ಸ್ಟ್ಯಾಮ್‌ಫರ್ಡಿನಲ್ಲಿ ಆ ಹೋರಿಗೆ ಅವತ್ತೇ ಕೊನೆಯ ದಿನ, ನಮ್ಮಲ್ಲಿ ಗೆದ್ದ ಹೋರಿಗೆ ಹೆಸರು, ಮೆರವಣಿಗೆ, ಸತ್ತರೆ ಸಮಾಧಿ. ಆದರೆ ಬೆದರಿದ ಹೋರಿಯ ಕಣ್ಣು ನಾನು ಮಾಳಿಗೆ ಮೇಲಿಂದ ನೋಡಿದ್ದೇನೆ. ಅದಕ್ಕೆ ಮೆರವಣಿಗೆ ಬೇಕಿತ್ತೋ ಇಲ್ಲವೋ ಯಾರೂ ಕೇಳಿರಲಿಲ್ಲ.

ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಬೆಲೆ ಇರೋದು 1840ರ ಆ ಮನವಿ ಪತ್ರಕ್ಕೆ. ಮೇಯರ್, ಅರ್ಲ್, ಪಾರ್ಲಿಮೆಂಟು, ಕೋರ್ಟು, ಸೈನ್ಯ, ಯಾರೂ ಮಾಡಲಾಗದ್ದನ್ನು ಊರು ತಾನೇ ಮಾತು ಕೊಟ್ಟು ಮಾಡಿತು. ಕಾರಣ ದುಡ್ಡೇ ಇರಬಹುದು, ದೊಡ್ಡ ಆದರ್ಶವೇನೂ ಅಲ್ಲ. ಆದರೆ ಹೊಣೆ ತಮ್ಮ ಮೇಲೆ ಬಂದಾಗ ಅವರು ಅದನ್ನು ಉಳಿಸಿಕೊಂಡರು. ನಮ್ಮಲ್ಲಿ ಷರತ್ತುಗಳು ಜಿಲ್ಲಾಡಳಿತದ ಆದೇಶದ ಹಾಳೆಯಲ್ಲಿವೆ. ಅಖಾಡದ ಎರಡೂ ಕಡೆ ಬೇಲಿ, ಪಶುವೈದ್ಯರು, ಆಂಬುಲೆನ್ಸ್ ಇವೆಲ್ಲ ಪೊಲೀಸರ ಕೆಲಸ, ನಮ್ಮದು ಬರೀ ಶಿಳ್ಳೆ ಹೊಡೆಯೋದು ಅಂತ ನಾವು ಅಂದುಕೊಂಡಿರೋವರೆಗೂ ಆ ಹಾಳೆಗೆ ಬೆಲೆ ಇಲ್ಲ. ಹಬ್ಬ ಉಳಿಯಬೇಕು ಅನ್ನೋರೇ ಖರ್ಚಿನ ಬಿಲ್ಲನ್ನೂ ಗಾಯದ ಲೆಕ್ಕವನ್ನೂ ತಮ್ಮ ಹೆಸರಿಗೆ ಬರೆದುಕೊಳ್ಳಬೇಕು.

ಪೀಟರ್‌ಬರೋ ಬಿಡೋ ಮುಂಚಿನ ವಾರ ಮತ್ತೊಮ್ಮೆ ಸ್ಟ್ಯಾಮ್‌ಫರ್ಡಿಗೆ ಹೋಗಿದ್ದೆ. ಹೋರಿಯನ್ನು ತಳ್ಳುತ್ತಿದ್ದ ಹಳೇ ಸೇತುವೆ ಈಗಿಲ್ಲ, ಇರೋದು 1849ರದ್ದು. ಮಧ್ಯದಲ್ಲಿ ನಿಂತು ಕೆಳಗೆ ನೋಡಿದೆ. ನೀರು ಅಷ್ಟೇನೂ ಆಳ ಇಲ್ಲ, ಬಾತುಕೋಳಿಗಳು ಇದ್ದವು. ಒಂದು ಫೋಟೋ ತೆಗೆದು ದೊಡ್ಡಪ್ಪನಿಗೆ ಕಳಿಸಿದೆ. ರಾತ್ರಿ ಫೋನ್ ಮಾಡಿದ. ಹಬ್ಬ ನಿಂತ ಬಗೆಯನ್ನೆಲ್ಲ ಕೇಳಿ, "ಊರವರೇ ಸಹಿ ಹಾಕಿದ್ರ?" ಅಂತ ಎರಡು ಸಲ ಕೇಳಿದ. ಹೂಂ ಅಂದೆ. "ಈ ಸಲ ಕಮಿಟಿಯೊಳಗ ಬೇಲಿ ಮಾತು ನಾನ ಎತ್ತತೇನಿ ತಗೊ" ಅಂದ. ಆಮೇಲೆ ಮಳೆ ಬೆಳೆ ಮಾತಾಡಿ ಇಟ್ಟ.